ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ ‘ಸಿ’ ಎಂದು ಬಂದಿದೆ: ಸ್ತನದ ಸಾಂದ್ರತೆ ಅಳೆಯುವುದು ಹೇಗೆ, ಹೆದರಬೇಕಾದ್ದು ಎಷ್ಟು?

ಪ್ರಶ್ನೆ: ನಮಸ್ಕಾರ್ರೀ ಡಾಕ್ಟರ್. ನನಗ 44 ವರ್ಷ, ಊರು ಜಮಖಂಡಿ. ಹೋದ ತಿಂಗಳ ಮ್ಯಾಮೊಗ್ರಾಂ ಮಾಡಿಸೀನಿ. ಗಂಟು ಏನೂ ಇಲ್ಲ, ‘ಬೈರಾಡ್ಸ್ 1’ ಅಂತ ಬಂದದ. ಆದರ ಅದರ ಮ್ಯಾಲ ‘ಎಸಿಆರ್ ಸಿ, ದಟ್ಟ ಸ್ತನ’ ಅಂತ ಬರದು, ಸೋನೊಗ್ರಫಿ ಮಾಡಿಸ್ರಿ ಅಂದಾರ. ಎರಡು ವರ್ಷದ ಹಿಂದ ಬೆಳಗಾವ್ಯಾಗ ಮಾಡಿಸಿದಾಗ ‘ಬಿ’ ಇತ್ತು. ಈ ನಡುವ ಸಕ್ಕರಿ ಕಾಯಿಲೆ ಬರಬಾರದಂತ ದಿನಾ ನಡದು 11 ಕಿಲೊ ಇಳಿಸೀನಿ. ದಟ್ಟ ಇದ್ದರ ಕ್ಯಾನ್ಸರ್ ನಾಲ್ಕು ಪಟ್ಟು ಜಾಸ್ತಿ ಅಂತ ಫೋನಿನ್ಯಾಗ ಓದಿದಾಗಿಂದ ನಿದ್ದಿ ಹತ್ತವಲ್ದು. ಅವ್ವನ ತಂಗಿ, ನಮ್ಮ ಚಿಗವ್ವಗ 58ರಾಗ ಇದೇ ಬ್ಯಾನಿ ಬಂದಿತ್ತು. ಈ ಸಾಂದ್ರತೆ ಹೆಂಗ ಅಳೀತಾರ? ಬಿ ಇದ್ದದ್ದು ಸಿ ಹೆಂಗಾತು? ಔಷಧ ತಗೊಂಡು ಕಡಿಮಿ ಮಾಡ್ಕೋಬಹುದೇನು? ಮಗಳಿಗೆ 20, ಅಕಿಗೂ ಮಾಡಿಸಬೇಕೇನು?

ಉತ್ತರ: ಅಕ್ಕಾವರೇ, ನಿಮ್ಮ ರಿಪೋರ್ಟಿನ ಒಂದೇ ಹಾಳೆಯಲ್ಲಿ ಎರಡು ಬೇರೆ ಸಂಗತಿಗಳಿವೆ. ಅವೆರಡನ್ನೂ ಕಲಸಿಕೊಂಡು ಓದಿದ್ದರಿಂದಲೇ ನಿದ್ದೆ ಹೋಗಿದೆ. ಬೈರಾಡ್ಸ್ ಅಂಕಿ ಅಂದರೆ ಫಲಿತಾಂಶ. 1 ಮತ್ತು 2 ಬಂದರೆ ಚಿಂತೆಯಿಲ್ಲ. 3 ಬಂದರೆ ಆರು ತಿಂಗಳಿಗೆ ಮತ್ತೆ ನೋಡಬೇಕು, ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡನ್ನು ಮೀರದು. 4 ಮತ್ತು 5ಕ್ಕೆ ಬಯಾಪ್ಸಿ, ಅಂದರೆ ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆ ಬೇಕು. 0 ಎಂದಿದ್ದರೆ ಚಿತ್ರ ಸಾಲದು, ಇನ್ನಷ್ಟು ತೆಗೆಯಬೇಕು ಎಂದಷ್ಟೇ. ನಿಮ್ಮದು 1. ಎ, ಬಿ, ಸಿ, ಡಿ ಅಕ್ಷರಗಳು ಹೇಳುವುದು ಬೇರೆ: ಸ್ತನದೊಳಗೆ ಕೊಬ್ಬು ಎಷ್ಟು, ಗ್ರಂಥಿ ಮತ್ತು ನಾರಿನ ಭಾಗ ಎಷ್ಟು ಎಂಬುದು. ಅದು ರೋಗದ ಹೆಸರೂ ಅಲ್ಲ, ರೋಗದ ಹಂತವೂ ಅಲ್ಲ. ‘ಸಿ’ ನೋಡಿ ಮೂರನೇ ಸ್ಟೇಜು ಎಂದುಕೊಂಡು ಅತ್ತವರಿದ್ದಾರೆ. ಹಾಗಾಗಿ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್-ರೇ. ಅದರ ಕಿರಣ ಕೊಬ್ಬನ್ನು ಸಲೀಸಾಗಿ ದಾಟಿಹೋಗುತ್ತದೆ, ಅದಕ್ಕೇ ಚಿತ್ರದಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ. ಹಾಲಿನ ಗ್ರಂಥಿ, ನಾಳ, ಅವನ್ನು ಹಿಡಿದಿಟ್ಟ ನಾರಿನಂಶ ಬೆಳ್ಳಗೆ ಕಾಣುತ್ತವೆ. ತೊಡಕು ಏನೆಂದರೆ ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಎರೆಹೊಲದ ಕಪ್ಪು ಮಣ್ಣಿನ ಮೇಲೆ ಬಿದ್ದ ಹತ್ತಿಯ ಅರಳೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದೇ ಅರಳೆ ಹತ್ತಿಯ ರಾಶಿಯಲ್ಲಿ ಬಿದ್ದರೆ ಹುಡುಕಿದರೂ ಸಿಗದು. ಪೂರ್ತಿ ಕೊಬ್ಬಿನ ‘ಎ’ ಸ್ತನದಲ್ಲಿ 100 ಕ್ಯಾನ್ಸರುಗಳಲ್ಲಿ 85-90 ಮ್ಯಾಮೊಗ್ರಾಮಿನಲ್ಲಿ ಸಿಕ್ಕರೆ, ಅತಿ ದಟ್ಟವಾದ ‘ಡಿ’ಯಲ್ಲಿ ಆ ಸಂಖ್ಯೆ 60ರ ಆಸುಪಾಸಿಗೆ ಇಳಿಯುತ್ತದೆ. ಹೀಗಾಗಿ ‘ಸಿ’ ಅಕ್ಷರ ಎರಡು ಮಾತು ಹೇಳುತ್ತದೆ. ಈ ಚಿತ್ರದಲ್ಲಿ ಏನೋ ಮುಚ್ಚಿಹೋಗಿರಬಹುದು ಎಂಬುದು ಒಂದು, ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ತುಸು ಹೆಚ್ಚು ಎಂಬುದು ಇನ್ನೊಂದು. ಫೋನಿನಲ್ಲಿ ಓದುವವರೆಲ್ಲ ಎರಡನೆಯದಕ್ಕೆ ಹೆದರುತ್ತಾರೆ. ನಿಮ್ಮ ಮಟ್ಟಿಗೆ ಮೊದಲನೆಯದೇ ಮುಖ್ಯ, ಯಾಕೆಂದರೆ ಅದಕ್ಕೆ ಈಗಲೇ ಮಾಡಬಹುದಾದ ಕೆಲಸವಿದೆ.

ಈ ಸಾಂದ್ರತೆ ಕೈಗೆ ಸಿಗುವಂಥದ್ದಲ್ಲ. ಮುಟ್ಟಿದರೆ ಗಟ್ಟಿಯಾಗಿರುವ ಸ್ತನ ಚಿತ್ರದಲ್ಲಿ ಕೊಬ್ಬಿನದಾಗಿ ಬರಬಹುದು, ಮೆತ್ತಗಿರುವುದು ದಟ್ಟವಾಗಿ ಬರಬಹುದು. ಕುಪ್ಪಸದ ಅಳತೆಗೂ ಇದಕ್ಕೂ ಸಂಬಂಧವಿಲ್ಲ.

ಅಳೆಯುವ ಕೆಲಸ 1976ರಲ್ಲಿ ಅಮೆರಿಕದ ಜಾನ್ ವುಲ್ಫ್ ಎಂಬ ರೇಡಿಯಾಲಜಿಸ್ಟ್ ಸ್ತನದ ಚಿತ್ರಗಳನ್ನು ನಾಲ್ಕು ನಮೂನೆಗಳಾಗಿ ವಿಂಗಡಿಸಿ, ಕೆಲವು ನಮೂನೆಗಳಲ್ಲಿ ಕ್ಯಾನ್ಸರ್ ಹೆಚ್ಚು ಎಂದು ತೋರಿಸಿದಾಗಿನಿಂದ ನಡೆದುಬಂದಿದೆ. ಇಂದು ರಿಪೋರ್ಟುಗಳಲ್ಲಿ ಬರುವ ಎ-ಬಿ-ಸಿ-ಡಿ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ರೂಪಿಸಿದ್ದು, ಅದಕ್ಕೇ ‘ಎಸಿಆರ್’. ಬಹುತೇಕ ಕೊಬ್ಬಿದ್ದರೆ ಎ. ಅಲ್ಲಲ್ಲಿ ಚದುರಿದ ಗ್ರಂಥಿ ಇದ್ದರೆ ಬಿ. ಏರುಪೇರಾಗಿ ದಟ್ಟ, ಸಣ್ಣ ಗಡ್ಡೆ ಮರೆಯಾಗಬಹುದು ಎನ್ನುವಂತಿದ್ದರೆ ಸಿ. ಅತಿ ದಟ್ಟ ಇದ್ದರೆ ಡಿ. ಅಮೆರಿಕದ ಹೆಂಗಸರಲ್ಲಿ ಸುಮಾರು 10, 40, 40, 10 ಶೇಕಡದ ಹಂಚಿಕೆ. ಏಷ್ಯಾದ ಹೆಂಗಸರಲ್ಲಿ ದಟ್ಟ ಸ್ತನದವರ ಪಾಲು ಇನ್ನೂ ಹೆಚ್ಚು. ಅಂದರೆ ನಿಮ್ಮ ವಯಸ್ಸಿನಲ್ಲಿ ‘ಸಿ’ ಬರುವುದು ಅಪರೂಪವೇ ಅಲ್ಲ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್ 10ರಿಂದ ಪ್ರತಿ ಮಹಿಳೆಗೂ ಆಕೆಯ ಸಾಂದ್ರತೆಯನ್ನು ಬರೆದು ತಿಳಿಸಲೇಬೇಕೆಂಬ ನಿಯಮವಿದೆ. ಆ ನಿಯಮ ನಮಗಿಲ್ಲ, ಆದರೆ ನಮ್ಮ ರೇಡಿಯಾಲಜಿಸ್ಟರೂ ಅದೇ ಎಸಿಆರ್ ಮಾದರಿಯಲ್ಲಿ ರಿಪೋರ್ಟ್ ಬರೆಯುವುದರಿಂದ ಆ ಅಕ್ಷರ ಜಮಖಂಡಿಯ ಮನೆಗೂ ಬಂದು ಕೂರುತ್ತದೆ, ಬಿಡಿಸಿ ಹೇಳುವವರು ಮಾತ್ರ ಜೊತೆಗೆ ಬರುವುದಿಲ್ಲ.

ಈ ಅಕ್ಷರವನ್ನು ರೇಡಿಯಾಲಜಿಸ್ಟ್ ಕಣ್ಣಂದಾಜಿನಿಂದಲೇ ಕೊಡುತ್ತಾರೆ. ಪ್ರತಿ ಸ್ತನಕ್ಕೆ ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಒಟ್ಟು ನಾಲ್ಕು ಚಿತ್ರಗಳನ್ನು ಒಟ್ಟಿಗಿಟ್ಟು ನೋಡುತ್ತಾರೆ. ಎಡ ಒಂದು ಥರ, ಬಲ ಒಂದು ಥರ ಇದ್ದರೆ ಹೆಚ್ಚು ದಟ್ಟವಾದದ್ದರ ಅಕ್ಷರವನ್ನೇ ಬರೆಯುತ್ತಾರೆ. ಮೊದಲು ಶೇಕಡ 25, 50, 75 ಎಂಬ ಗೆರೆಗಳಿದ್ದವು. ಎಸಿಆರ್ ಕೈಪಿಡಿಯ 2013ರ ಆವೃತ್ತಿಯಲ್ಲಿ ಅವನ್ನು ತೆಗೆದು, ಗಡ್ಡೆ ಮರೆಯಾಗುವಷ್ಟು ದಟ್ಟ ಜಾಗ ಒಂದೇ ಕಡೆ ಇದ್ದರೂ ‘ಸಿ’ ಕೊಡಿ ಎಂದರು. ಹಾಗಾಗಿ ಒಬ್ಬರು ‘ಬಿ’ ಎಂದದ್ದನ್ನು ಇನ್ನೊಬ್ಬರು ‘ಸಿ’ ಎನ್ನುವುದು ನಿತ್ಯದ ಮಾತು. ಅಮೆರಿಕದಲ್ಲಿ 83 ರೇಡಿಯಾಲಜಿಸ್ಟರ ಓದುವಿಕೆಯನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರು ತಾವು ನೋಡಿದವುಗಳಲ್ಲಿ ಶೇ 6.3ರಷ್ಟನ್ನು ಮಾತ್ರ ದಟ್ಟ ಎಂದಿದ್ದರೆ, ಇನ್ನೊಬ್ಬರು ಶೇ 84.5ರಷ್ಟನ್ನು ದಟ್ಟ ಎಂದಿದ್ದರು. ಬಿ ಮತ್ತು ಸಿ ನಡುವಿನ ಗಡಿಯಲ್ಲೇ ಜಗ್ಗಾಟ ಹೆಚ್ಚು. ನಿಮ್ಮ ಎರಡು ರಿಪೋರ್ಟು ಎರಡು ಊರಿನವು, ಓದಿದ ಕಣ್ಣು ಎರಡು.

ಇನ್ನು ನಿಮ್ಮ 11 ಕಿಲೊ. ಬಿ ಹೋಗಿ ಸಿ ಬರಲು ಅದೊಂದೇ ಸಾಕು. ಲೆಕ್ಕ ಹೀಗಿದೆ. ಕಂಪ್ಯೂಟರಿನಲ್ಲಿ ಅಳೆಯುವ ಒಂದು ವಿಧಾನದಲ್ಲಿ ಚಿತ್ರದ ಮೇಲೆ ಸ್ತನದ ಅಂಚನ್ನು ಗುರುತಿಸಿ, ಎದೆಯ ಸ್ನಾಯುವನ್ನು ಹೊರಗಿಟ್ಟು, ಒಳಗಿನ ಬಿಳಿ ಭಾಗದ ವಿಸ್ತೀರ್ಣ ಅಳೆದು ಶೇಕಡ ತೆಗೆಯುತ್ತಾರೆ. ಟೊರಾಂಟೊದಲ್ಲಿ ತಯಾರಾದ ಕ್ಯುಮ್ಯುಲಸ್ ಎಂಬ ತಂತ್ರಾಂಶ ಈ ಕೆಲಸಕ್ಕೆ ಹೆಸರಾದದ್ದು. ಸಂಶೋಧನೆಗಳಲ್ಲಿ ಹೆಚ್ಚಾಗಿ ಬಳಸಿದ್ದು ಇದನ್ನೇ. ಎರಡು ವರ್ಷದ ಹಿಂದೆ ಸ್ತನದ ವಿಸ್ತೀರ್ಣ 160 ಚದರ ಸೆಂ.ಮೀ., ಅದರಲ್ಲಿ ದಟ್ಟ ಭಾಗ 48 ಇತ್ತೆನ್ನಿ: ಶೇ 30. ತೂಕ ಇಳಿದಾಗ ಕರಗಿದ್ದು ಕೊಬ್ಬು. ಈಗ ವಿಸ್ತೀರ್ಣ 120, ದಟ್ಟ ಭಾಗ ಅದೇ 48: ಶೇ 40. ಗ್ರಂಥಿ ಒಂದು ಚೂರೂ ಬೆಳೆದಿಲ್ಲ, ಭಾಗಾಕಾರದ ಕೆಳಗಿನ ಅಂಕಿ ಇಳಿದಿದೆ ಅಷ್ಟೆ. ಇಂಥ ಏರಿಕೆ ಅಪಾಯದ ಏರಿಕೆಯಲ್ಲ. ಉಲ್ಟಾ ಹೇಳಬೇಕೆಂದರೆ, ಮುಟ್ಟು ನಿಂತ ಮೇಲೆ ಬೊಜ್ಜು ಇದ್ದವರಿಗೆ ಸ್ತನ ಕ್ಯಾನ್ಸರಿನ ಸಾಧ್ಯತೆ ಹೆಚ್ಚು, ಅವರ ಮ್ಯಾಮೊಗ್ರಾಂ ‘ಎ’ ಎಂದೇ ಬಂದಿದ್ದರೂ. ಆದ್ದರಿಂದ ಅಕ್ಷರ ಚೆನ್ನಾಗಿ ಬರಲಿ ಎಂದು ನಡಿಗೆ ಬಿಟ್ಟು ಮತ್ತೆ ತೂಕ ಏರಿಸಿಕೊಳ್ಳಬೇಡಿ.

ಇನ್ನೊಂದು ವಿಧಾನ ಘನ ಅಳತೆಯದು. ವೋಲ್ಪಾರಾ, ಕ್ವಾಂಟ್ರಾ ಮುಂತಾದ ತಂತ್ರಾಂಶಗಳು ಇದನ್ನು ಮಾಡುತ್ತವೆ. ಒತ್ತಿದ ಸ್ತನದ ದಪ್ಪ ಎಷ್ಟು ಮಿ.ಮೀ., ಎಷ್ಟು ವೋಲ್ಟೇಜಿನಲ್ಲಿ ಕಿರಣ ಬಿಟ್ಟರು, ಯಾವ ಫಿಲ್ಟರ್ ಇತ್ತು ಎಂಬುದೆಲ್ಲ ಯಂತ್ರದಲ್ಲೇ ದಾಖಲಾಗಿರುತ್ತದೆ. ಚಿತ್ರದಲ್ಲಿ ಪೂರ್ತಿ ಕೊಬ್ಬು ಇರುವ ಜಾಗವನ್ನು ಮೂಲವಾಗಿಟ್ಟುಕೊಂಡು, ಪ್ರತಿ ಬಿಂದುವಿನಲ್ಲೂ ದಟ್ಟ ಭಾಗ ಎಷ್ಟು ದಪ್ಪವಿದೆ ಎಂದು ತಂತ್ರಾಂಶ ಲೆಕ್ಕ ಹಾಕಿ ಕೂಡಿಸುತ್ತದೆ. ಸ್ತನ 700 ಮಿ.ಲೀ., ದಟ್ಟ ಭಾಗ 63 ಮಿ.ಲೀ. ಆದರೆ ಶೇ 9. ಇಲ್ಲಿ ಗಾಬರಿ ಬೇಡ, ನೆಮ್ಮದಿಯೂ ಬೇಡ: ವೋಲ್ಪಾರಾ ಲೆಕ್ಕದಲ್ಲಿ 7.5ರಿಂದ 15.5ರವರೆಗೆ ‘ಸಿ’ಗೇ ಸಮ. ಅದೇ ಸ್ತನ ವಿಸ್ತೀರ್ಣದ ಅಳತೆಯಲ್ಲಿ ಶೇ 40 ತೋರಿಸಬಹುದು. ಚಪ್ಪಟೆ ಚಿತ್ರದಲ್ಲಿ ದಟ್ಟ ಭಾಗದ ಮೇಲೆ ಕೆಳಗೆ ಕೊಬ್ಬು ಇದ್ದರೂ ಆ ಇಡೀ ಜಾಗ ಬಿಳಿ ಎಂದೇ ಎಣಿಕೆಯಾಗುವುದು ಇದಕ್ಕೆ ಕಾರಣ. ಒಂದು ವರ್ಷ ಒಂದು ವಿಧಾನ, ಮತ್ತೊಂದು ವರ್ಷ ಇನ್ನೊಂದು ವಿಧಾನ ಬಳಸಿ ಬಂದ ಶೇಕಡಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲೇಬಾರದು. ಘನ ಅಳತೆಗೆ ಯಂತ್ರದ ಮೂಲ ಕಚ್ಚಾ ಚಿತ್ರ ಬೇಕು. ನಿಮ್ಮ ಕೈಗೆ ಕೊಡುವ ಫಿಲ್ಮಿನಿಂದ ಆಮೇಲೆ ಇದನ್ನು ತೆಗೆಯಲಾಗದು. ಹಾಗೆಂದು ಈ ತಂತ್ರಾಂಶ ಇರುವ ಕಡೆಯನ್ನೇ ಹುಡುಕಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ. ಚಿತ್ರ ಚೆನ್ನಾಗಿ ತೆಗೆದಿದ್ದರೆ ಅನುಭವಿ ಕಣ್ಣಿನ ಅಕ್ಷರವೇ ನಿಮ್ಮ ಕೆಲಸಕ್ಕೆ ಸಾಕು.

ಚಿತ್ರ ಚೆನ್ನಾಗಿ ಬರುವುದರಲ್ಲೇ ಎಲ್ಲ ಇದೆ. ಸ್ತನವನ್ನು ಎರಡು ಹಲಗೆಗಳ ನಡುವೆ ಸುಮಾರು 10ರಿಂದ 20 ಕಿಲೊ ಭಾರಕ್ಕೆ ಸಮನಾಗಿ ಕೆಲವು ಸೆಕೆಂಡು ಒತ್ತುತ್ತಾರೆ. ನೋವಿಗೆ ಹೆದರಿ ಭುಜ ಬಿಗಿಹಿಡಿದು ಹಿಂದೆ ಸರಿದರೆ ಒತ್ತಡ ಸಾಲದೆ ಗ್ರಂಥಿಗಳು ಒಂದರ ಮೇಲೊಂದು ಬಿದ್ದು, ಇರುವುದಕ್ಕಿಂತ ದಟ್ಟವಾಗಿ ಕಾಣುತ್ತದೆ. ಓರೆ ಚಿತ್ರದಲ್ಲಿ ಎದೆಯ ಸ್ನಾಯು ತೊಟ್ಟಿನ ಮಟ್ಟದವರೆಗೂ ಇಳಿದು ಕಾಣಬೇಕು. ಕಾಣದಿದ್ದರೆ ಹಿಂಭಾಗದ ಅಂಗಾಂಶ ಚಿತ್ರಕ್ಕೆ ಬಂದಿಲ್ಲವೆಂದೇ ಅರ್ಥ. ಮುಟ್ಟು ಬರುವ ಮುಂಚಿನ ವಾರ ಸ್ತನ ಬಿಗಿದು ನೋಯುತ್ತದೆ, ಸಾಂದ್ರತೆಯೂ ತುಸು ಏರುತ್ತದೆ. ಮುಟ್ಟು ಶುರುವಾದ ದಿನದಿಂದ ಎಣಿಸಿ 5ರಿಂದ 12ನೇ ದಿನದೊಳಗೆ ಹೋಗಿ. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ: ಅದರ ಕಣಗಳು ಚಿತ್ರದಲ್ಲಿ ಕ್ಯಾನ್ಸರಿನ ಮೊದಲ ಗುರುತಾಗಬಹುದಾದ ಸುಣ್ಣದಂಶದ ಸಣ್ಣ ಚುಕ್ಕೆಗಳಂತೆ ಕಂಡು ಸುಮ್ಮನೆ ಮತ್ತೊಂದು ಸುತ್ತು ಓಡಾಡಿಸುತ್ತವೆ. ತಾಳಿ, ಸರ ತೆಗೆದಿಡಬೇಕಾಗುತ್ತದೆ, ಮನೆಯಲ್ಲೇ ಹೇಳಿ ಹೋಗಿ. ಮೊದಲೇ ಫೋನು ಮಾಡಿ ಯಂತ್ರ ಪೂರ್ತಿ ಡಿಜಿಟಲ್ಲೋ, ಕ್ಯಾಸೆಟ್ ಹಾಕಿ ತೆಗೆಯುವ ಹಳೆಯ ಮಾದರಿಯೋ ಕೇಳಿಕೊಳ್ಳಿ. 2005ರಲ್ಲಿ ಬಂದ ಡಿಮಿಸ್ಟ್ ಅಧ್ಯಯನದಲ್ಲಿ ಫಿಲ್ಮ್ ಮ್ಯಾಮೊಗ್ರಾಮಿಗಿಂತ ಡಿಜಿಟಲ್ ಚಿತ್ರ ನಿಜವಾಗಿ ಮೇಲು ಎನಿಸಿದ್ದು ಮೂರು ಗುಂಪಿನವರಿಗೆ: 50ರ ಒಳಗಿನವರು, ದಟ್ಟ ಸ್ತನದವರು, ಮುಟ್ಟು ಇನ್ನೂ ಪೂರ್ತಿ ನಿಲ್ಲದವರು. ನೀವು ಈ ಮೂರರಲ್ಲೂ ಬರುತ್ತೀರಿ.

ಈಗ ‘ನಾಲ್ಕು ಪಟ್ಟು’. ಆ ಅಂಕಿ ಸುಳ್ಳಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಸಾಂದ್ರತೆ ಶೇ 75 ದಾಟಿದವರಿಗೆ ಶೇ 5ಕ್ಕಿಂತ ಕಡಿಮೆ ಇದ್ದವರಿಗಿಂತ 4.64 ಪಟ್ಟು ಅಪಾಯ ಕಂಡಿತ್ತು. ಆದರೆ ಅದು ಏಣಿಯ ತುತ್ತತುದಿಯನ್ನು ಕಟ್ಟಕಡೆಯ ಮೆಟ್ಟಿಲಿಗೆ ಹೋಲಿಸಿದ ಲೆಕ್ಕ. ನೀವು ತುದಿಯಲ್ಲಿಲ್ಲ, ನಿಮ್ಮ ಓರಗೆಯವರಲ್ಲಿ ಶೇ 5ಕ್ಕಿಂತ ಕಡಿಮೆ ಇರುವವರು ಸಿಗುವುದೂ ಅಪರೂಪ. ಸರಾಸರಿ ಹೆಂಗಸಿಗೆ ಹೋಲಿಸಿದರೆ ‘ಸಿ’ಯವರ ಅಪಾಯ ಸುಮಾರು 1.2ರಿಂದ 1.5 ಪಟ್ಟು, ‘ಡಿ’ಯವರದು ಸುಮಾರು ಎರಡು ಪಟ್ಟು. ನಮ್ಮ ದೇಶದ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲಿ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವುದು ಸುಮಾರು 29 ಹೆಂಗಸರಲ್ಲಿ ಒಬ್ಬರಿಗೆ, ಅಂದರೆ ನೂರರಲ್ಲಿ ಮೂರು ಚಿಲ್ಲರೆ. ಅದು ನಿಮ್ಮ ಅಕ್ಷರದಿಂದ ನೂರಕ್ಕೆ ನಾಲ್ಕೋ ಐದೋ ಆಗುತ್ತದೆ. ಉಳಿದ 95 ಮಂದಿಗೆ ಬರುವುದಿಲ್ಲ.

ಚಿಗವ್ವನ ವಿಷಯ ಸೇರಿಸಬೇಕು. ತಾಯಿ, ಒಡಹುಟ್ಟಿದ ಅಕ್ಕ-ತಂಗಿ ಅಥವಾ ಮಗಳಿಗೆ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಚಿಗವ್ವ ಅದರ ಮುಂದಿನ ಸುತ್ತಿನ ಬಂಧು, ಬಂದದ್ದೂ 58ರಲ್ಲಿ. ಅದರ ಭಾರ ಕಡಿಮೆ. ಆದರೆ ಅವ್ವನ ಅಥವಾ ಅಪ್ಪನ ಕಡೆ ಇನ್ನಾರಿಗಾದರೂ 50ರ ಒಳಗೆ ಬಂದಿತ್ತೇ, ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಆಗಿತ್ತೇ, ಮನೆತನದಲ್ಲಿ ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿತ್ತೇ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಪ್ಪನ ಕಡೆಯದು ಲೆಕ್ಕಕ್ಕಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಬಿಆರ್‌ಸಿಎ ಜೀನಿನ ದೋಷ (ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯವನ್ನು ಬಹಳ ಏರಿಸುವಂಥದ್ದು) ಅಪ್ಪನಿಂದಲೂ ಅಷ್ಟೇ ಬರುತ್ತದೆ. ಇವೆಲ್ಲವನ್ನೂ ಸಾಂದ್ರತೆಯ ಜೊತೆ ಕೂಡಿಸಿ ಲೆಕ್ಕ ಹಾಕುವ ಟೈರರ್-ಕ್ಯೂಜಿಕ್ ಎಂಬ ಸೂತ್ರವಿದೆ. ನಿಮ್ಮ ಡಾಕ್ಟರು ಅದನ್ನು ಬಳಸಿದರೆ ತಪ್ಪಿಲ್ಲ, ಆದರೆ ಅದು ಪಾಶ್ಚಾತ್ಯ ಹೆಂಗಸರ ಅಂಕಿಗಳ ಮೇಲೆ ಕಟ್ಟಿದ್ದು, ನಮ್ಮವರಿಗೆ ಉತ್ತರ ತುಸು ಜಾಸ್ತಿಯೇ ಬರಬಹುದು.

ದಟ್ಟ ಇದ್ದರೆ ಅಪಾಯ ಯಾಕೆ ಹೆಚ್ಚು? ಸ್ತನ ಕ್ಯಾನ್ಸರ್ ಹುಟ್ಟುವುದು ಕೊಬ್ಬಿನಲ್ಲಲ್ಲ, ಹಾಲಿನ ನಾಳ ಮತ್ತು ಗ್ರಂಥಿಯ ಒಳಪದರದ ಕೋಶಗಳಲ್ಲಿ. ದಟ್ಟ ಸ್ತನದಲ್ಲಿ ಆ ಕೋಶಗಳೂ ಹೆಚ್ಚು, ಸುತ್ತಲಿನ ಕೊಲಾಜನ್ ನಾರೂ ಹೆಚ್ಚು.

ಮಾಡಬೇಕಾದ ಕೆಲಸಕ್ಕೆ ಬರೋಣ. ಸೋನೊಗ್ರಫಿ ಮಾಡಿಸಿ ಎಂದಿದ್ದಾರಲ್ಲ, ಅದು ಸರಿ, ಮಾಡಿಸಿ. ಜಪಾನಿನಲ್ಲಿ ನಿಮ್ಮದೇ ವಯಸ್ಸಿನ, 40ರಿಂದ 49ರ ಹೆಂಗಸರ ಮೇಲೆ ನಡೆದ ಜೆ-ಸ್ಟಾರ್ಟ್ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಮ್ಯಾಮೊಗ್ರಾಂ ಒಂದನ್ನೇ ಮಾಡಿದಾಗ 100 ಕ್ಯಾನ್ಸರುಗಳಲ್ಲಿ 77 ಸಿಕ್ಕಿದ್ದವು, ಜೊತೆಗೆ ಸೋನೊಗ್ರಫಿಯನ್ನೂ ಸೇರಿಸಿದಾಗ 91. ಇದಕ್ಕೆ ಬೆಲೆಯೂ ಇದೆ: ರೋಗವಿಲ್ಲದವರಲ್ಲಿ ‘ಏನೂ ಇಲ್ಲ’ ಎಂದು ಸರಿಯಾಗಿ ಹೇಳುವ ಪ್ರಮಾಣ ಶೇ 91.4ರಿಂದ 87.7ಕ್ಕೆ ಇಳಿಯಿತು. ಅಂದರೆ ಏನೂ ಇಲ್ಲದ ಕೆಲವರೂ ಮರುಪರೀಕ್ಷೆ, ಸೂಜಿ ಪರೀಕ್ಷೆ ಎಂದು ಓಡಾಡಬೇಕಾಯಿತು. ಸೋನೊಗ್ರಫಿಯಲ್ಲಿ ನೀರುಗುಳ್ಳೆ, ಸಾದಾ ಗಂಟು ಕಾಣುವುದು ಬಹಳ ಸಾಮಾನ್ಯ, ಮೊದಲೇ ತಿಳಿದಿರಲಿ.

ಸೋನೊಗ್ರಫಿ ಮಾಡುವವರ ಕೈಯ ಮೇಲೆ ನಿಂತಿದೆ. ಹೊಟ್ಟೆ ನೋಡುವ ಬಾಗಿದ ಪ್ರೋಬಿನಲ್ಲಿ ಸ್ತನ ನೋಡಿದರೆ ಅದು ಪರೀಕ್ಷೆಯೇ ಅಲ್ಲ. 12 ಮೆಗಾಹರ್ಟ್ಸ್ ಆಸುಪಾಸಿನ ಅಥವಾ ಅದಕ್ಕೂ ಮೇಲಿನ ನೇರ ಪ್ರೋಬ್ ಬೇಕು. ಎರಡೂ ಸ್ತನ, ಎರಡೂ ಕಂಕುಳು ಪೂರ್ತಿ ನೋಡಲು 15-20 ನಿಮಿಷ ಹಿಡಿಯುತ್ತದೆ, ಮೂರು ನಿಮಿಷದಲ್ಲಿ ಮುಗಿದರೆ ಅದರ ಮೇಲೆ ಭರವಸೆ ಇಡಬೇಡಿ. ಏನಾದರೂ ಕಂಡರೆ ರಿಪೋರ್ಟಿನಲ್ಲಿ ‘ಎಡ ಸ್ತನ, 2 ಗಂಟೆಯ ಸ್ಥಾನ, ತೊಟ್ಟಿನಿಂದ 3 ಸೆಂ.ಮೀ., ಅಳತೆ 8×5 ಮಿ.ಮೀ.’ ಎಂದು ಜಾಗ ಮತ್ತು ಅಳತೆ ಇರಬೇಕು. ‘ಎಡಗಡೆ ಸಣ್ಣ ಗಂಟು’ ಎಂದಷ್ಟೇ ಬರೆದರೆ ಆರು ತಿಂಗಳ ನಂತರ ನೋಡುವವರಿಗೆ ಅದೇ ಗಂಟೋ ಬೇರೆಯದೋ ತಿಳಿಯುವುದಿಲ್ಲ. ಹೋಗುವಾಗ ಮ್ಯಾಮೊಗ್ರಾಂ ಫಿಲ್ಮು, ಸಿಡಿ, ಎರಡು ವರ್ಷದ ಹಿಂದಿನದನ್ನೂ ಸೇರಿಸಿ ಒಯ್ಯಿರಿ. ಹಳೆಯ ಚಿತ್ರದೊಂದಿಗಿನ ಹೋಲಿಕೆಯಷ್ಟು ಉಪಯೋಗದ ಪರೀಕ್ಷೆ ಇನ್ನೊಂದಿಲ್ಲ, ಅದು ಪುಕ್ಕಟೆ ಬೇರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಯಾವುದಾದರೂ ಒಂದನ್ನು ಹಿಡಿದು ವರ್ಷವೂ ಅಲ್ಲಿಗೇ ಹೋಗುವುದು ಊರೂರು ಬದಲಿಸುವುದಕ್ಕಿಂತ ಒಳ್ಳೆಯದು.

‘ಸೋನೊಗ್ರಫಿ ನೋವಿಲ್ಲ, ಇನ್ನು ಮೇಲೆ ಅದೊಂದೇ ಸಾಕು’ ಎನ್ನಬೇಡಿ. ಮೇಲೆ ಹೇಳಿದ ಸುಣ್ಣದ ಚುಕ್ಕೆಗಳನ್ನು ಚೆನ್ನಾಗಿ ತೋರಿಸುವುದು ಮ್ಯಾಮೊಗ್ರಾಮೇ.

ಎಂಆರ್‌ಐ ನಿಮಗೆ ಈಗ ಬೇಡ. ಅದರ ಲಾಭ ಚೆನ್ನಾಗಿ ಕಂಡದ್ದು ಅತಿ ದಟ್ಟ ಸ್ತನದವರಲ್ಲಿ. ನೆದರ್ಲ್ಯಾಂಡ್ಸಿನ ಡೆನ್ಸ್ ಪ್ರಯೋಗದಲ್ಲಿ (2019) 50ರಿಂದ 75 ವಯಸ್ಸಿನ, ಮ್ಯಾಮೊಗ್ರಾಂ ನಾರ್ಮಲ್ ಇದ್ದ ಅಂಥವರನ್ನು ಎಂಆರ್‌ಐಗೆ ಕರೆದಾಗ, ಎರಡು ತಪಾಸಣೆಗಳ ನಡುವೆ ತಲೆಯೆತ್ತುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತು. ಮುಂದೆಂದಾದರೂ ‘ಡಿ’ ಬಂದರೆ ಅಥವಾ ಮನೆತನದಲ್ಲಿ ಜೀನಿನ ದೋಷ ಕಂಡರೆ ಆಗ ಈ ಮಾತು ತೆಗೆಯಬಹುದು. ಮಾಡಿಸುವವರು ಎರಡು ವಿಷಯ ಕೇಳಿಕೊಳ್ಳಲಿ: ಅಲ್ಲಿ ಸ್ತನಕ್ಕೆಂದೇ ಇರುವ ‘ಕಾಯಿಲ್’ (ಸ್ತನದ ಚಿತ್ರ ಹಿಡಿಯಲು ಯಂತ್ರಕ್ಕೆ ಜೋಡಿಸುವ ಸಾಧನ) ಇದೆಯೇ, ಮತ್ತು ಕಾಂಟ್ರಾಸ್ಟ್ ಚುಚ್ಚುಮದ್ದು ಕೊಡುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ನೋಡುತ್ತಾರೆಯೇ.

ಮುಂದಿನ ಮ್ಯಾಮೊಗ್ರಾಂ ಒಂದು ವರ್ಷಕ್ಕೆ ಮಾಡಿಸಿ; ಕೈಲಾಗದಿದ್ದರೆ ಎರಡು ವರ್ಷ ಮೀರಿಸಬೇಡಿ. ನಡುವೆ ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಗೆ ಸೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ, ಕಂಕುಳಲ್ಲಿ ಉಂಡೆ, ಇವುಗಳಲ್ಲಿ ಯಾವುದು ಕಂಡರೂ ‘ಹೋದ ತಿಂಗಳ ಬೈರಾಡ್ಸ್ 1 ಇತ್ತಲ್ಲ’ ಎಂದು ಕೂರಬಾರದು. ದಟ್ಟ ಸ್ತನದಲ್ಲಿ ಕೈಗೆ ಸಿಗುವ ಗಂಟನ್ನು ಮ್ಯಾಮೊಗ್ರಾಂ ನಾರ್ಮಲ್ ಎಂಬ ಒಂದೇ ಕಾರಣಕ್ಕೆ ಬಿಟ್ಟುಬಿಡುವುದೇ ನಾನು ಕಂಡಂತೆ ದೊಡ್ಡ ತಪ್ಪು. ಕೈಯಿಂದ ಪರೀಕ್ಷೆ, ಚಿತ್ರ, ಬೇಕಾದರೆ ಬಯಾಪ್ಸಿ, ಈ ಮೂರೂ ಒಂದೇ ಮಾತು ಹೇಳಿದಾಗಲೇ ನಂಬಬೇಕು. ಮ್ಯಾಮೊಗ್ರಾಂ ಹತ್ತಿರದಲ್ಲಿಲ್ಲದ ನಿಮ್ಮ ನೆಂಟರಿಷ್ಟರಿಗೂ ಇದನ್ನು ಹೇಳಿ: ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಕೈಯಿಂದ ಸ್ತನ ಪರೀಕ್ಷೆ ಇದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ತರಬೇತಾದ ಆರೋಗ್ಯ ಕಾರ್ಯಕರ್ತೆಯರಿಂದ ಇಂಥದೇ ಪರೀಕ್ಷೆ ಮಾಡಿಸಿ 20 ವರ್ಷ ಗಮನಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30 ಇಳಿದಿತ್ತು.

ಸಾಂದ್ರತೆ ಇಳಿಸುವ ಔಷಧ ಎಂದರೆ ಟಾಮೊಕ್ಸಿಫೆನ್. ಅದು ನಿಜವಾಗಿಯೂ ಇಳಿಸುತ್ತದೆ, ಮತ್ತು ಸಾಂದ್ರತೆ ಶೇ 10ರಷ್ಟಾದರೂ ಇಳಿದವರಲ್ಲಿ ಕ್ಯಾನ್ಸರೂ ಕಡಿಮೆಯಾದದ್ದು ಕಂಡಿದೆ. ಆದರೆ ಮೈ ಬಿಸಿಯೇರುವುದು, ರಕ್ತ ಹೆಪ್ಪುಗಟ್ಟುವುದು, ಗರ್ಭಕೋಶದ ಒಳಪದರದ ತೊಂದರೆ ಅದರ ಜೊತೆಗೇ ಬರಬಹುದು. ಅಪಾಯ ನಿಜಕ್ಕೂ ಹೆಚ್ಚಿರುವವರಿಗೆ ತಜ್ಞರು ತೂಗಿನೋಡಿ ಕೊಡುವ ಔಷಧ ಅದು, ‘ಸಿ’ ಅಕ್ಷರವೊಂದಕ್ಕೇ ಅಲ್ಲ. ಎಣ್ಣೆ ತಿಕ್ಕುವುದರಿಂದ, ಮನೆಮದ್ದಿನಿಂದ ಗ್ರಂಥಿ ಕರಗುವುದಿಲ್ಲ. ಮುಟ್ಟು ನಿಲ್ಲುವಾಗ ಸಾಂದ್ರತೆ ತಾನಾಗಿಯೇ ಇಳಿಯುತ್ತದೆ. ಆಗ ಮೈ ಬಿಸಿಗೆಂದು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಕೂಡಿದ ಹಾರ್ಮೋನ್ ಗುಳಿಗೆ ಬರೆದುಕೊಟ್ಟರೆ ಈ ರಿಪೋರ್ಟನ್ನು ಮುಂದಿಡಿ, ಅವು ಸಾಂದ್ರತೆಯನ್ನೂ ಕ್ಯಾನ್ಸರಿನ ಅಪಾಯವನ್ನೂ ಏರಿಸುತ್ತವೆ.

ಮಗಳಿಗೆ ಈಗ ಮ್ಯಾಮೊಗ್ರಾಂ ಬೇಡ. ಸಾಂದ್ರತೆ ಬಹುಪಾಲು ವಂಶದಿಂದ ಬರುವುದು ನಿಜ. ಅವಳಿ ಸೋದರಿಯರ ಮೇಲಿನ ಅಧ್ಯಯನದಲ್ಲಿ ಸಾಂದ್ರತೆಯ ವ್ಯತ್ಯಾಸದ ಸುಮಾರು ಶೇ 60ರಷ್ಟು ಪಾಲು ಜೀನಿನದೆಂದು ಕಂಡಿತ್ತು. ಆದರೆ 20ರ ವಯಸ್ಸಿನಲ್ಲಿ ಹೆಚ್ಚಿನವರ ಸ್ತನ ದಟ್ಟವೇ, ಮ್ಯಾಮೊಗ್ರಾಮಿನಲ್ಲಿ ಬಿಳಿಯ ಹೊರತು ಏನೂ ಕಾಣದು. ಗಂಟು ಕೈಗೆ ಸಿಕ್ಕರೆ ಆ ವಯಸ್ಸಿಗೆ ಸೋನೊಗ್ರಫಿಯೇ ಮೊದಲ ಪರೀಕ್ಷೆ. ಏನೂ ಇಲ್ಲದಿದ್ದರೆ 30ರಿಂದ ಕೈಯಿಂದ ಪರೀಕ್ಷೆ, 40ಕ್ಕೆ ಮೊದಲ ಮ್ಯಾಮೊಗ್ರಾಂ. ಮನೆತನದ ವಿಚಾರಣೆಯಲ್ಲಿ ಚಿಕ್ಕ ವಯಸ್ಸಿನ ಕ್ಯಾನ್ಸರ್ ಯಾರದಾದರೂ ಹೊರಬಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಆಗ ಇಬ್ಬರೂ ಒಟ್ಟಿಗೆ ಬಂದು ತೋರಿಸಿ.